ಸ್ಲ್ಯಾಬಿನ ಅಂಚಿನಲ್ಲಿ ನಿಂತವನ ಬಳಿ ಏನು ಮಾತನಾಡಬೇಕು?

ಪ್ರಶ್ನೆ: ನಾನು ದಾವಣಗೆರೆ ಕಡೆಯವನು. ನಾಲ್ಕು ವರ್ಷಗಳಿಂದ ಬೆಂಗಳೂರಿನ ಪೂರ್ವ ಭಾಗದ ಒಂದು ಅಪಾರ್ಟ್‌ಮೆಂಟ್ ಕಾಮಗಾರಿಯಲ್ಲಿ ಸೈಟ್ ಎಂಜಿನಿಯರ್ ಆಗಿದ್ದೇನೆ. ನಮ್ಮಲ್ಲಿ ಸುಮಾರು 180 ಕಾರ್ಮಿಕರಿದ್ದಾರೆ. ಬಾರ್ ಬೆಂಡಿಂಗ್ (ಕಂಬಿ ಬಗ್ಗಿಸಿ ಕಟ್ಟುವ ಕೆಲಸ) ಮತ್ತು ಸೆಂಟ್ರಿಂಗ್‌ನವರು (ಕಾಂಕ್ರೀಟಿಗೆ ಅಚ್ಚು ಕಟ್ಟುವವರು) ಹೆಚ್ಚಾಗಿ ಪಶ್ಚಿಮ ಬಂಗಾಳದ ಮಾಲ್ಡಾ ಮತ್ತು ಬಿಹಾರದವರು. ಗಾರೆ ಮತ್ತು ಹೆಲ್ಪರ್ ಕೆಲಸದವರು ಯಾದಗಿರಿ, ರಾಯಚೂರು ಕಡೆಯವರು, ಲಂಬಾಣಿ ತಾಂಡಾಗಳಿಂದ ಬಂದ ಕುಟುಂಬಗಳೂ ಇವೆ. ಮಾಲ್ಡಾದ ಒಬ್ಬ ಬಾರ್ ಬೆಂಡರ್, ವಯಸ್ಸು ಮೂವತ್ತರ ಆಸುಪಾಸು, ಬಹಳ ಒಳ್ಳೆಯ ಕೆಲಸಗಾರ, ಎರಡು ತಿಂಗಳಿಂದ ಬದಲಾಗಿದ್ದಾನೆ. ರಾತ್ರಿ ನಿದ್ದೆ ಇಲ್ಲ, ಎದೆ ಹಿಡಿದಂತಾಗುತ್ತದೆ ಎನ್ನುತ್ತಾನೆ, ಊಟಕ್ಕೆ ಒಬ್ಬನೇ ಕೂರುತ್ತಾನೆ, ಬಿಡುವಾದಾಗಲೆಲ್ಲ ಮೊಬೈಲ್ ನೋಡುತ್ತಿರುತ್ತಾನೆ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ನುಂಗುತ್ತಾನೆಂದು ಕೋಣೆಯವರು ಹೇಳಿದರು. ಹೋದ ವಾರ ಒಂಬತ್ತನೇ ಮಹಡಿಯ ಸ್ಲ್ಯಾಬಿನ ಅಂಚಿನಲ್ಲಿ ನಿಂತು ತುಂಬ ಹೊತ್ತು ಕೆಳಗೆ ನೋಡುತ್ತಿದ್ದ. ಠೇಕೇದಾರರು ‘ಇದೆಲ್ಲ ಮೊಬೈಲ್ ಚಟ, ಕೆಲಸ ತಪ್ಪಿಸುವ ನಾಟಕ, ರೈಲು ಹತ್ತಿಸಿದರೆ ಸರಿಹೋಗುತ್ತಾನೆ’ ಎನ್ನುತ್ತಾರೆ. ಯಾದಗಿರಿ ಕಡೆಯವರಲ್ಲಿ ಕೆಲವರು ದಿನಾ ರಾತ್ರಿ ಕುಡಿಯುತ್ತಾರೆ. ಇವರೆಲ್ಲ ಈ ಒತ್ತಡವನ್ನು ಹೇಗೆ ತಡೆದುಕೊಳ್ಳುತ್ತಾರೆ, ನಾನೇನು ಮಾಡಬಹುದು? ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ ಇಲ್ಲದ್ದನ್ನು ನಾನೇ ತಲೆಗೆ ತುಂಬಿದಂತಾಗುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಉಳಿದವು ಒಂದು ವಾರ ಕಾಯಬಹುದು, ಇದು ಕಾಯಲಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನೋವೈದ್ಯನಾಗಿ ನಾನು ಈ ಪ್ರಶ್ನೆಯನ್ನು ಸಾವಿರಾರು ಜನರಿಗೆ ಕೇಳಿದ್ದೇನೆ. ಯೋಚನೆ ಇಲ್ಲದವರು ‘ಛೆ, ಹಾಗೇನಿಲ್ಲ’ ಎಂದು ಮುಂದಿನ ಮಾತಿಗೆ ಹೋಗುತ್ತಾರೆ. ಇರುವವರು ಬಹಳ ದಿನಗಳಿಂದ ಹೊತ್ತಿದ್ದ ಮೂಟೆಯನ್ನು ಕೆಳಗಿಳಿಸಿದಂತೆ ಉಸಿರು ಬಿಡುತ್ತಾರೆ. ಆದ್ದರಿಂದ ನಾಳೆಯೇ ಕೇಳಿ. ಸೈಟ್ ಆಫೀಸಿಗೆ ಕರೆಸಬೇಡಿ. ಅಲ್ಲಿಗೆ ಕರೆ ಬಂದರೆ ಕೆಲಸ ಹೋಯಿತೆಂದೇ ಆತ ತಿಳಿಯುತ್ತಾನೆ. ಕೆಲಸ ಮುಗಿದ ಮೇಲೆ ಚಹಾ ಕುಡಿಯುವ ಜಾಗದಲ್ಲಿ, ಪಕ್ಕದಲ್ಲಿ ಕೂತು, ‘ನಿಮಗೆ ನಿದ್ದೆ ಬರುತ್ತಿಲ್ಲ ಎಂದು ಕೇಳಿದೆ, ಇಷ್ಟು ಕಷ್ಟದಲ್ಲಿ ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತದೆ, ನಿಮಗೂ ಹಾಗೆ ಅನ್ನಿಸಿದೆಯೇ’ ಎಂದು ನೇರವಾಗಿ ಕೇಳಿ, ಆಮೇಲೆ ಸುಮ್ಮನಿರಿ. ಉತ್ತರ ಬರಲು ಹೊತ್ತು ಹಿಡಿಯುತ್ತದೆ.

ನಿಮ್ಮಿಬ್ಬರ ಹಿಂದಿಯೂ ಸಾಲದಿದ್ದರೆ ಬಂಗಾಳಿ ಬಲ್ಲ ಒಬ್ಬರ ನೆರವು ಬೇಕು. ಆತನನ್ನು ಊರಿನಿಂದ ಕರೆತಂದ ಸರ್ದಾರನಾಗಲಿ ಠೇಕೇದಾರನಾಗಲಿ ಆ ಸ್ಥಾನದಲ್ಲಿ ಇರಬಾರದು, ಏಕೆಂದರೆ ಆತನ ಕೂಲಿ ಇರುವುದು ಅವರ ಕೈಯಲ್ಲಿ. ಆತ ತಾನೇ ಆರಿಸುವ ಕೋಣೆಯ ಗೆಳೆಯ ಸಾಕು. ಉತ್ತರ ‘ಹೌದು’ ಎಂದಾದರೆ ಅಂದು ರಾತ್ರಿ ಆತನನ್ನು ಒಬ್ಬನೇ ಬಿಡಬೇಡಿ, ಎತ್ತರದ ಕೆಲಸದಿಂದ ತಕ್ಷಣ ಇಳಿಸಿ, ಮಾತ್ರೆಗಳನ್ನು ಆತನ ಒಪ್ಪಿಗೆ ಪಡೆದು ಗೆಳೆಯನ ಬಳಿ ಇರಿಸಿ, ಅದೇ ದಿನ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೋ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಗೋ ಕರೆದೊಯ್ಯಿರಿ. ರಾತ್ರಿ ಹೊತ್ತು ಏನೂ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲಿರುಳೂ ಉಚಿತವಾಗಿ ಸಿಗುತ್ತದೆ, ಕನ್ನಡ, ಬಂಗಾಳಿ, ಹಿಂದಿ ಸೇರಿ 20 ಭಾಷೆಗಳಲ್ಲಿ ಸೇವೆ ಇದೆ. ಆತ ತನ್ನ ಭಾಷೆಯಲ್ಲಿ ತಾನೇ ಮಾತನಾಡಬಹುದು, ನಡುವೆ ಯಾರೂ ಬೇಕಿಲ್ಲ. ಪೊಲೀಸ್ ಕೇಸ್ ಆಗುತ್ತದೆಂಬ ಹೆದರಿಕೆ ಇದ್ದರೆ ಅದನ್ನೂ ಬಿಡಿಸಿ ಹೇಳಿ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಎದೆ ಹಿಡಿಯುವ ವಿಷಯವನ್ನು ‘ಟೆನ್ಷನ್’ ಎಂದು ಯಾರೂ ತಳ್ಳಿಹಾಕಬಾರದು, ನನ್ನಂಥ ಮನೋವೈದ್ಯರಂತೂ ಕೂಡದು. ನಮ್ಮ ದೇಶದವರಲ್ಲಿ ಹೃದಯದ ತೊಂದರೆ ಸಣ್ಣ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಬೀಡಿ, ಖೈನಿ ಇದ್ದರೆ ಅಪಾಯ ಇನ್ನೂ ಹೆಚ್ಚು. ಮೊದಲು ಒಂದು ಇಸಿಜಿ, ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ಸಾಧ್ಯವಾದರೆ ಥೈರಾಯ್ಡ್ ಪರೀಕ್ಷೆ ಆಗಲಿ. ಅವೆಲ್ಲ ಸರಿಯಾಗಿದ್ದು, ಎದೆಬಡಿತ ಏರಿ, ಉಸಿರು ಕಟ್ಟಿ, ಕೈಕಾಲು ಜುಮ್ಮೆಂದು, ಹತ್ತಿಪ್ಪತ್ತು ನಿಮಿಷಗಳಲ್ಲಿ ತಾನಾಗಿ ಇಳಿಯುತ್ತಿದ್ದರೆ ಅದು ಆತಂಕದ ದಾಳಿ ಇರಬಹುದು. ಕಟ್ಟಡ ಕಾರ್ಮಿಕರು ನನ್ನ ಬಳಿ ಬಂದು ‘ಮನಸ್ಸಿಗೆ ಬೇಜಾರು’ ಎಂದು ಹೇಳಿದ್ದು ಬಹಳ ಅಪರೂಪ. ಬಿಹಾರದವರು ಘಬ್ರಾಹಟ್ (ಗಾಬರಿ), ಕಮ್‌ಜೋರಿ (ನಿಶ್ಶಕ್ತಿ) ಎನ್ನುತ್ತಾರೆ. ಬಂಗಾಳಿಗಳು ಎದೆಯ ಮೇಲೆ ಕೈಯಿಟ್ಟು ‘ಬುಕ್ ಧಡ್‌ಫಡ್’ (ಎದೆ ಡವಡವ) ಎನ್ನುತ್ತಾರೆ. ನಮ್ಮ ಯಾದಗಿರಿಯ ಹೆಣ್ಣುಮಕ್ಕಳು ಸೊಂಟ, ತಲೆಭಾರ, ‘ಜೀವ ಹಾರಿದಂಗ ಆಗ್ತದ’ ಎನ್ನುತ್ತಾರೆ. ಒತ್ತಡ ದೇಹದ ಭಾಷೆಯಲ್ಲೇ ಬರುತ್ತದೆ. ಹಾಗಾಗಿ ‘ಬರೀ ಮೈನೋವು’ ಎಂದು ಗ್ಲೂಕೋಸ್ ಏರಿಸಿಕೊಂಡು ಬರುವವರ ನಡುವೆ ನೀವು ಹೇಳುವ ಬಾರ್ ಬೆಂಡರ್‌ನಂತಹ ಎಷ್ಟೋ ಜನ ಕಣ್ಣಿಗೆ ಬೀಳದೆ ಉಳಿದುಬಿಡುತ್ತಾರೆ.

ಇನ್ನು ನಾಟಕದ ಮಾತು. ದಿನಗೂಲಿಯವನು ಕೆಲಸ ತಪ್ಪಿಸಿದರೆ ಆ ದಿನದ ಹಾಜರಿ ಹೋಗುತ್ತದೆ, ಅಂದರೆ ಮನೆಗೆ ಕಳಿಸುವ ಹಣ ಹೋಗುತ್ತದೆ. ಈ ಲೆಕ್ಕದಲ್ಲಿ ನಟಿಸಿ ಗಿಟ್ಟಿಸುವುದಕ್ಕೆ ಏನೂ ಇಲ್ಲ. ಇದರ ಜೊತೆಗೇ ಬರುವ ಇನ್ನೊಂದು ತಪ್ಪು ನಂಬಿಕೆ ನನ್ನನ್ನು ಹೆಚ್ಚು ಕಾಡುತ್ತದೆ: ಮೈಮುರಿದು ದುಡಿಯುವವರಿಗೆ ಮನೋರೋಗ ಬಾರದು, ಅವರಿಗೆ ಕಷ್ಟ ಅಭ್ಯಾಸವಾಗಿದೆ ಎಂಬುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಜನ. ಅವರಲ್ಲಿ ದಿನಗೂಲಿಗಳ ಪಾಲು ಶೇ 26.4, ಬೇರಾವ ವೃತ್ತಿವರ್ಗಕ್ಕಿಂತ ಹೆಚ್ಚು. ಇವರೆಲ್ಲ ಕಟ್ಟಡ ಕಾರ್ಮಿಕರಲ್ಲ, ನಿಜ. ಆದರೂ ದೇಹಶ್ರಮ ಮನಸ್ಸಿಗೆ ಕವಚ ಎಂಬ ಮಾತು ನಿಲ್ಲುವುದಿಲ್ಲ ಎನ್ನಲು ಅಷ್ಟು ಸಾಕು.

ಹಾಗಾದರೆ ಆತನಿಗೆ ಏನಾಗಿದೆ? ನೋಡದೆ ರೋಗದ ಹೆಸರು ಹೇಳಲಾರೆ. ಆದರೆ ಹದಿನಾಲ್ಕು ವರ್ಷಗಳಿಂದ ಭಾನುವಾರಗಳಂದು ಲೇಬರ್ ಕಾಲೊನಿಗಳ ತಗಡಿನ ಶೆಡ್‌ಗಳಲ್ಲಿ ಕೂತು ರೋಗಿಗಳನ್ನು ನೋಡಿದವನಾಗಿ, ಇಂತಹ ಬದಲಾವಣೆಯ ಬೇರು ಎಲ್ಲಿರುತ್ತದೆಂದು ಹೇಳಬಲ್ಲೆ. ಮೊದಲು ಕೂಲಿಯ ಲೆಕ್ಕ ನೋಡಿ. ಪೂರ್ವ ಭಾರತದಿಂದ ಬಂದವರಿಗೆ ವಾರಕ್ಕೊಮ್ಮೆ ಸಿಗುವುದು ಅಕ್ಕಿ, ಎಣ್ಣೆ, ಮೊಬೈಲ್ ರೀಚಾರ್ಜ್‌ಗೆ ಆಗುವಷ್ಟು ‘ಖರ್ಚಿ’ ಮಾತ್ರ. ಉಳಿದದ್ದು ‘ಹಿಸಾಬ್’, ತಿಂಗಳುಗಳ ನಂತರ, ಅನೇಕ ವೇಳೆ ಊರಿಗೆ ಹೊರಡುವಾಗ, ಮುಂಗಡ ಕಳೆದು ಕೈಗೆ ಬರುತ್ತದೆ. ಎಂಟು ಗಂಟೆಗೆ ಒಂದು ಹಾಜರಿ, ಹನ್ನೆರಡಕ್ಕೆ ಒಂದೂವರೆ ಎಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಂಡರೂ, ಠೇಕೇದಾರನ ಪುಸ್ತಕದಲ್ಲಿ ಎಷ್ಟಿದೆಯೆಂಬುದು ಕೊನೆಯ ದಿನದವರೆಗೂ ಗೊತ್ತಾಗುವುದಿಲ್ಲ. ಮೂರು ತಿಂಗಳ ದುಡಿಮೆ ಇನ್ನೊಬ್ಬರ ಜೇಬಿನಲ್ಲಿರುವ ಮನುಷ್ಯ ಜಗಳವಾಡಲಾರ, ಕೆಲಸ ಬಿಡಲಾರ, ಕಾಯಿಲೆ ಬೀಳಲಾರ. ಅತ್ತ ಊರಿನಲ್ಲಿ ಹೆಂಡತಿಯ ಹೆಸರಿನ ಗುಂಪು ಸಾಲದ ಕಂತು ವಾರವಾರವೂ ಬಾಗಿಲು ತಟ್ಟುತ್ತಿರುತ್ತದೆ.

ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ಕರಾಸೆಕ್ 1979ರಲ್ಲಿ ಮುಂದಿಟ್ಟ ಒಂದು ವಿಚಾರ ಈ ಜಾಗಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಕೆಲಸ ಹೆಚ್ಚಾಗಿರುವುದಷ್ಟೇ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಕೆಲಸದ ಬೇಡಿಕೆ ಹೆಚ್ಚಾಗಿದ್ದು, ಅದನ್ನು ಹೇಗೆ, ಯಾವಾಗ, ಎಷ್ಟು ಮಾಡಬೇಕೆಂಬ ನಿರ್ಧಾರದಲ್ಲಿ ತನ್ನದೇನೂ ನಡೆಯದಿದ್ದಾಗ ಅದು ಮೈಮನಸ್ಸುಗಳನ್ನು ತಿನ್ನುತ್ತದೆ ಎಂಬುದು ಅದರ ಸಾರ. ಸ್ಲ್ಯಾಬಿನ ಗಡುವು ನಿಮ್ಮ ಮೇಲೂ ಇದೆ, ಆತನ ಮೇಲೂ ಇದೆ. ನೀವು ಮೇಲಿನವರಿಗೆ ಫೋನ್ ಮಾಡಿ ಒಂದು ದಿನ ಕೇಳಬಹುದು. ಆತ ಯಾರನ್ನು ಕೇಳಬೇಕು?

ಇದರ ಮೇಲೆ ನಿದ್ದೆಯ ಕೊರತೆ. ಹತ್ತಡಿ ಅಗಲದ ತಗಡಿನ ಕೋಣೆಯಲ್ಲಿ ಆರೇಳು ಜನ. ಹಗಲೆಲ್ಲ ಕಾದ ತಗಡು ನಡುರಾತ್ರಿಯವರೆಗೂ ಕಾವು ಬಿಡುತ್ತಿರುತ್ತದೆ. ಕಾಂಕ್ರೀಟ್ ಹಾಕುವ ದಿನ ಕೆಲಸ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ವಾರಗಟ್ಟಲೆ ನಾಲ್ಕೈದು ಗಂಟೆ ಮಾತ್ರ ಮಲಗಿದವರಲ್ಲಿ ಸಿಡುಕು, ಮರೆವು, ಕಾಲು ಜಾರುವುದು ಎಲ್ಲವೂ ಹೆಚ್ಚುತ್ತವೆ. ಸೈಟಿನಲ್ಲಿ ಯಾರಾದರೂ ಬಿದ್ದು ಸತ್ತಿದ್ದರೆ, ಅಥವಾ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಬ್ ಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು ಕಾರ್ಮಿಕರು ಸತ್ತಂತಹ ಘಟನೆಯಲ್ಲಿ ಬದುಕುಳಿದವರ ಪರಿಚಯವಿದ್ದರೆ, ಆ ದೃಶ್ಯ ರಾತ್ರಿ ಮರಳಿ ಬರುತ್ತದೆ. ಮರುದಿನವೇ ಅದೇ ಎತ್ತರಕ್ಕೆ ಹತ್ತಬೇಕಾಗಿರುತ್ತದೆ. ಆತ ಅಂಚಿನಲ್ಲಿ ನಿಂತು ಕೆಳಗೆ ನೋಡಿದ್ದಕ್ಕೆ ಇದೂ ಕಾರಣವಿರಬಹುದು; ಕೇಳದೆ ತಿಳಿಯುವುದಿಲ್ಲ.

ಮೊಬೈಲ್ ಚಟ ಎಂದರಲ್ಲ, ಆತ ಅದರಲ್ಲಿ ಏನು ನೋಡುತ್ತಾನೆಂದು ಯಾರಾದರೂ ಕೇಳಿದ್ದಾರೆಯೇ? ಮಾಲ್ಡಾ, ಮುರ್ಷಿದಾಬಾದ್ ಕಡೆಯ ಬಂಗಾಳಿ ಮುಸ್ಲಿಂ ಕಾರ್ಮಿಕರಲ್ಲಿ ಇನ್ನುಳಿದವರಿಗೆ ಇಲ್ಲದ ಒಂದು ಭಯವಿದೆ. ಬಾಯಿ ತೆರೆದರೆ ಬರುವ ಭಾಷೆಯೇ ಅವರನ್ನು ಅನುಮಾನಕ್ಕೆ ಒಡ್ಡುತ್ತದೆ. 2025ರ ಜುಲೈಯಲ್ಲಿ ಗುರುಗ್ರಾಮದಲ್ಲಿ ಬಂಗಾಳಿ ಮಾತನಾಡುವ ಕಾರ್ಮಿಕರನ್ನು ಪೌರತ್ವ ಪರಿಶೀಲನೆಗೆಂದು ಹಿಡಿದಿರಿಸಿದ ಸುದ್ದಿ ದೇಶದ ಎಲ್ಲ ಲೇಬರ್ ಕಾಲೊನಿಗಳ ಮೊಬೈಲ್‌ಗಳಲ್ಲೂ ಸುತ್ತಾಡಿತು. ನಮ್ಮ ಬೆಂಗಳೂರಿನಲ್ಲೇ 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮ ವಲಸಿಗರಿದ್ದಾರೆಂಬ ಅನುಮಾನದ ಹಿನ್ನೆಲೆಯಲ್ಲಿ ಶೆಡ್‌ಗಳನ್ನು ಕೆಡವಲಾಯಿತು. ಮನೆ ಕಳೆದುಕೊಂಡವರಲ್ಲಿ ಈಶಾನ್ಯ ರಾಜ್ಯಗಳವರಷ್ಟೇ ಅಲ್ಲ, ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿ, ಸರ್ಕಾರ ಟೀಕೆಗೆ ಗುರಿಯಾಯಿತು. ಆಧಾರ್ ಕಾರ್ಡು ಬೆವರಿಗೆ ನೆನೆಯದಂತೆ ಪ್ಲಾಸ್ಟಿಕ್ ಸುತ್ತಿ ಕೆಲಸದ ಹೊತ್ತಿನಲ್ಲೂ ಜೇಬಿನಲ್ಲಿಟ್ಟುಕೊಳ್ಳುವವರನ್ನು ನಾನು ನೋಡಿದ್ದೇನೆ. ಅಂಥವರಿಗೆ ಮೊಬೈಲ್ ಪರದೆ ಮನರಂಜನೆಯೂ ಹೌದು, ಕಾವಲೂ ಹೌದು. ಚಟವೆಂದು ಕಿತ್ತುಕೊಂಡರೆ ಮಗಳ ಮುಖ ನೋಡುವ ದಾರಿಯನ್ನೂ ಕಿತ್ತುಕೊಂಡಂತಾಗುತ್ತದೆ.

ತಾಂಡಾದಿಂದ, ಯಾದಗಿರಿಯ ದಲಿತ ಕೇರಿಗಳಿಂದ ಗುಳೆ ಬಂದವರಿಗೆ ಭಾಷೆ ನಮ್ಮದೇ ಆದರೂ ಕಷ್ಟ ಕಡಿಮೆಯಿಲ್ಲ. ಅದರಲ್ಲೂ ಹೆಂಗಸರು. ನಸುಕಿಗೆ ಎದ್ದು ಅಡುಗೆ, ಹಗಲೆಲ್ಲ ಬಾಂಡ್ಲಿ ಹೊರುವುದು, ಸಂಜೆ ಮತ್ತೆ ಒಲೆ. ಮಗು ಮರಳಿನ ಗುಡ್ಡೆಯ ಮೇಲೆ. ಶೌಚಾಲಯ ದೂರವಿದೆಯೆಂದು ಬಿಸಿಲಿನಲ್ಲೂ ನೀರು ಕುಡಿಯದೆ ತಡೆದುಕೊಳ್ಳುವ ಇವರಿಗೆ ಬರುವ ತಲೆಸುತ್ತು, ಉರಿಮೂತ್ರ, ಸಿಡುಕುಗಳಿಗೆ ಮನೋವೈದ್ಯನಿಗಿಂತ ಮೊದಲು ಬೇಕಾದದ್ದು ಚಿಲಕವಿರುವ, ನೀರಿರುವ ಒಂದು ಶೌಚಾಲಯ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಇಷ್ಟು ಸಣ್ಣ ಸಂಗತಿಗಳು ಮನಸ್ಸಿನ ಆರೋಗ್ಯದ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ ಎಂಬುದು ನನಗೆ ಈಗಲೂ ನೋವಿನ ವಿಷಯ.

ಹಾಗಿದ್ದೂ ಇವರಲ್ಲಿ ಹೆಚ್ಚಿನವರು ಮುರಿದು ಬೀಳುವುದಿಲ್ಲ. ಹೇಗೆ ತಡೆದುಕೊಳ್ಳುತ್ತಾರೆಂದು ಕೇಳಿದ್ದೀರಿ. ಒಂದೇ ಊರಿನವರು ಒಂದೇ ಕೋಣೆ ಹಿಡಿಯುತ್ತಾರೆ, ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸುತ್ತಾರೆ, ಭಾನುವಾರ ಮೀನು ತರುತ್ತಾರೆ. ಕಾಯಿಲೆ ಬಿದ್ದವನ ಪಾಲಿನ ಅಡುಗೆಯ ಸರದಿಯನ್ನು ಇನ್ನೊಬ್ಬ ಹೊರುತ್ತಾನೆ. ಶುಕ್ರವಾರದ ನಮಾಜು, ಛಠ್ ಹಬ್ಬಕ್ಕೆ ಕೆರೆಯ ದಂಡೆ, ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿ, ಇವು ವರ್ಷಕ್ಕೆ ಒಂದು ಆಕಾರ ಕೊಡುತ್ತವೆ. ರಾತ್ರಿಯ ವಿಡಿಯೊ ಕರೆ, ಊರಿನಲ್ಲಿ ಏಳುತ್ತಿರುವ ಪಕ್ಕಾ ಮನೆಯ ಗೋಡೆ ಎಷ್ಟಾಯಿತೆಂದು ನೋಡುವುದು, ಮಗಳ ಶಾಲೆಯ ಶುಲ್ಕ ಕಟ್ಟಿದ ರಸೀದಿ, ಇವು ‘ಏತಕ್ಕಾಗಿ’ ಎಂಬುದನ್ನು ನೆನಪಿಡಿಸುತ್ತವೆ. ತೀರ ಸಹಿಸಲಾಗದಾಗ ಠೇಕೇದಾರನನ್ನೇ ಬದಲಿಸುವುದೂ ಒಂದು ಉಪಾಯವೇ. ಹೊರಗಿನವರು ಅದನ್ನು ‘ನಿಲ್ಲದ ಜನ’ ಎಂದು ಹೀಗಳೆಯುತ್ತಾರೆ. ಖೈನಿ, ಗುಟ್ಕಾ, ಕುಡಿತ, ನಿದ್ದೆ ಮಾತ್ರೆಗಳೂ ಇದೇ ಸಾಲಿಗೆ ಸೇರಿದವು, ಆದರೆ ಇವು ಬಡ್ಡಿಗೆ ತಂದ ನೆಮ್ಮದಿ.

ಆದ್ದರಿಂದ ನಿಮ್ಮ ಬಾರ್ ಬೆಂಡರ್ ಬಗ್ಗೆ ನನಗೆ ಹೆಚ್ಚು ಕಳವಳ ತಂದ ಮಾತು ನಿದ್ದೆಯದಲ್ಲ, ಊಟಕ್ಕೆ ಒಬ್ಬನೇ ಕೂರುತ್ತಾನೆ ಎಂಬುದು. ಇದುವರೆಗೆ ಆತನನ್ನು ಹಿಡಿದು ನಿಲ್ಲಿಸಿದ್ದ ಹಗ್ಗ ಎಲ್ಲರ ಜೊತೆಗಿನ ಆ ಊಟವೇ ಆಗಿತ್ತು. ಕೋಣೆಯವರೊಡನೆ ಜಗಳವಾಯಿತೇ, ಸಾಲ ಕೇಳಿ ನಾಚಿಕೆಯಾಗಿದೆಯೇ, ಊರಿನಲ್ಲಿ ಏನಾದರೂ ಕೆಟ್ಟದ್ದು ನಡೆಯಿತೇ ಎಂದು ಗೆಳೆಯರ ಮೂಲಕ ಮೆಲ್ಲಗೆ ತಿಳಿಯಿರಿ. ಮನಶ್ಶಾಸ್ತ್ರಜ್ಞರಾದ ಲಜಾರಸ್ ಮತ್ತು ಫೋಕ್‌ಮನ್ ಅವರು ಒತ್ತಡವನ್ನು ಎದುರಿಸುವ ಬಗೆಗಳನ್ನು ಎರಡಾಗಿ ವಿಂಗಡಿಸಿದರು: ತೊಂದರೆಯನ್ನೇ ಬದಲಿಸುವ ಯತ್ನ ಒಂದು, ತೊಂದರೆಯಿಂದ ಹುಟ್ಟುವ ಭಾವನೆಯನ್ನು ಸಂಭಾಳಿಸುವ ಯತ್ನ ಇನ್ನೊಂದು. ತೊಂದರೆಯನ್ನು ಬದಲಿಸುವ ಅಧಿಕಾರವೇ ಇಲ್ಲದವರಿಗೆ ಎರಡನೆಯದಷ್ಟೇ ಉಳಿಯುತ್ತದೆ, ಅದೂ ಒಂದು ದಿನ ದಣಿಯುತ್ತದೆ. ಯೋಗ ಶಿಬಿರ ಮಾಡಿಸಲೇ ಎಂದು ಕೇಳುವ ಕಂಪನಿಗಳಿಗೆ, ಮಾಡಿಸಿ, ಆದರೆ ಅದಕ್ಕೆ ಮೊದಲು ಬಾಕಿ ಕೂಲಿಯ ಚೀಟಿ ಕೊಡಿಸಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ನಾನು ಹೋಗುತ್ತಿದ್ದ ಒಂದು ಕಾಲೊನಿಯಲ್ಲಿ ಪ್ರತಿ ಭಾನುವಾರ ಎಷ್ಟು ಹಾಜರಿ, ಎಷ್ಟು ಖರ್ಚಿ, ಎಷ್ಟು ಬಾಕಿ ಎಂದು ಬರೆದು ಸಹಿ ಹಾಕಿ ಕೊಡತೊಡಗಿದರು. ಹಣ ಅಂದೇ ಸಿಗಲಿಲ್ಲ, ಲೆಕ್ಕ ಮಾತ್ರ ಸಿಕ್ಕಿತು. ಅಷ್ಟಕ್ಕೇ ಒಬ್ಬ ಮುದುಕ ಸೆಂಟ್ರಿಂಗ್ ಕೆಲಸಗಾರರು ನನ್ನ ಬಳಿ ಬಂದು ‘ಈಗ ಮಲಗಿದರೆ ಲೆಕ್ಕ ಹಾಕುವುದು ತಪ್ಪಿತು’ ಎಂದರು.

ನೀವು ಮಾಡಬಹುದಾದದ್ದನ್ನು ಈಗ ಹೇಳುತ್ತೇನೆ. ಪ್ರತಿಯೊಂದರಲ್ಲೂ ಒಂದು ಅಪಾಯವಿದೆ, ಅದನ್ನೂ ಮುಚ್ಚಿಡುವುದಿಲ್ಲ. ಆತನನ್ನು ಎತ್ತರದಿಂದ ಇಳಿಸಲೇಬೇಕು. ಹಾಗೆಂದು ಹೆಲ್ಪರ್ ಕೆಲಸಕ್ಕೆ ಹಾಕಿದರೆ ಕೂಲಿಯೂ ಇಳಿಯುತ್ತದೆ, ಮಾನವೂ ಇಳಿಯುತ್ತದೆ, ಮುಂದೆ ಯಾರೂ ತಮ್ಮ ಕಷ್ಟ ಹೇಳಿಕೊಳ್ಳುವುದಿಲ್ಲ. ಅದೃಷ್ಟಕ್ಕೆ ಆತನದು ಬಾರ್ ಬೆಂಡಿಂಗ್. ಕಂಬಿ ಕತ್ತರಿಸಿ ಬಗ್ಗಿಸುವ ಯಾರ್ಡ್ ನೆಲದ ಮೇಲೇ ಇರುತ್ತದೆ. ಅದೇ ಕಸುಬು, ಅದೇ ಹಾಜರಿ. ‘ಯಾರ್ಡಿನಲ್ಲಿ ಅನುಭವಸ್ಥರು ಬೇಕಾಗಿದ್ದಾರೆ’ ಎಂದು ಹೇಳಿದರೆ ಸಾಕು. ಕತ್ತರಿಸುವ ಯಂತ್ರದ ಮುಂದೆ ಮಾತ್ರ ನಿದ್ದೆಗೆಟ್ಟವರನ್ನು ನಿಲ್ಲಿಸಬೇಡಿ.

ನಿದ್ದೆ ಮಾತ್ರೆಯ ವಿಷಯ ಸೂಕ್ಷ್ಮವಾದದ್ದು. ವೈದ್ಯರ ಚೀಟಿಯಿಲ್ಲದೆ ಮಾರುವ ಇಂತಹ ಮಾತ್ರೆಗಳು ಹೆಚ್ಚಾಗಿ ಅಲ್‌ಪ್ರಜೋಲಮ್ ಜಾತಿಯವು. ಬೆಳಗ್ಗೆಯೂ ಮಂಪರು ಉಳಿಸುತ್ತವೆ, ಮದ್ಯದ ಜೊತೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸಬಲ್ಲವು, ಕೆಲವೇ ವಾರಗಳಲ್ಲಿ ಮೈಗೆ ಅಂಟಿಕೊಳ್ಳುತ್ತವೆ. ಹಾಗೆಂದು ವಾರಗಟ್ಟಲೆ ನುಂಗಿದವರ ಕೈಯಿಂದ ಒಮ್ಮೆಲೇ ಕಸಿದರೆ ನಡುಕ, ಕೆಲವೊಮ್ಮೆ ಫಿಟ್ಸ್ ಬರಬಹುದು. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂಬುದನ್ನು ವೈದ್ಯರಿಗೆ ನಿಖರವಾಗಿ ಹೇಳಿಸಿ. ಅವರು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಖಿನ್ನತೆಯೆಂದು ಕಂಡುಬಂದು ಬೇರೆ ಮಾತ್ರೆ ಕೊಟ್ಟರೆ ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ತಳಮಳ ಇರಬಹುದು, ಆ ಅವಧಿಯಲ್ಲಿ ನಿಗಾ ಹೆಚ್ಚೇ ಇರಲಿ. ಎರಡನೇ ವಾರದಲ್ಲಿ ‘ಏನೂ ಉಪಯೋಗವಿಲ್ಲ’ ಎಂದು ಬಿಟ್ಟುಬಿಡುವವರೇ ಹೆಚ್ಚು, ಅಷ್ಟು ಮುಂಚಿತವಾಗಿ ತಿಳಿಸಿದರೆ ಬಹುಪಾಲು ಜನ ಮುಂದುವರಿಸುತ್ತಾರೆ.

ಕೂಲಿ ಬಾಕಿಯ ಬಗ್ಗೆ ಕಾನೂನು ನಿಮ್ಮ ಪರವಾಗಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕಾರ್ಮಿಕ ಸಂಹಿತೆಯಲ್ಲೂ ಆ ತತ್ವ ಉಳಿದಿದೆ. ಇದನ್ನು ನಿಮ್ಮ ಮೇಲಿನವರ ಮುಂದೆ ಶಾಂತವಾಗಿ ಇಡಬಹುದು. ಅಪಾಯವೆಂದರೆ, ದೂರಿನ ಮೂಲ ನಿಮ್ಮ ಬಾರ್ ಬೆಂಡರ್ ಎಂದು ಠೇಕೇದಾರನಿಗೆ ಅನ್ನಿಸಿದರೆ ಮರುದಿನ ಅವನು ಕೆಲಸದಿಂದ ಹೊರಗಿರುತ್ತಾನೆ. ಹಾಗಾಗಿ ಒಬ್ಬನ ಹೆಸರಿನಲ್ಲಿ ಕೇಳಬೇಡಿ, ಎಲ್ಲರಿಗೂ ವಾರದ ಚೀಟಿ ಎಂಬ ಪದ್ಧತಿಯಾಗಿ ಕೇಳಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214 ಇದೆ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು, ಹೊರರಾಜ್ಯದವರಾದರೂ ಸರಿ. ನೀವು ಕೆಲಸದ ದೃಢೀಕರಣ ಕೊಡಿಸಿದರೆ ಅದೇ ದೊಡ್ಡ ಉಪಕಾರ.

ಕುಡಿಯುವವರ ಬಗ್ಗೆ. ಕುಡಿತವೇ ಎಲ್ಲದರ ಮೂಲ ಎಂಬ ಮಾತು ಅರ್ಧ ಸತ್ಯ. ಮೈನೋವಿಗೆ, ನಿದ್ದೆಗೆ ಎಂದು ಶುರುವಾಗುತ್ತದೆ. ಮದ್ಯ ಬೇಗ ಮಲಗಿಸುತ್ತದೆ, ಆದರೆ ನಡುರಾತ್ರಿ ಎಬ್ಬಿಸುತ್ತದೆ, ನಿದ್ದೆಯ ಆಳವನ್ನು ಕೆಡಿಸುತ್ತದೆ. ಮರುದಿನ ದಣಿವು ಹೆಚ್ಚಿ, ಮರುರಾತ್ರಿ ಇನ್ನೊಂದು ಗುಟುಕು ಬೇಕಾಗುತ್ತದೆ. ಶೆಡ್‌ನಲ್ಲಿ ಕುಡಿದರೆ ದಂಡ ಎಂಬ ನಿಯಮದಿಂದ ಕುಡಿತ ಗೇಟಿನ ಹೊರಗೆ ಹೋಗುವುದೇ ಹೊರತು ನಿಲ್ಲುವುದಿಲ್ಲ. ಬೆಳಗ್ಗೆ ಕೈ ನಡುಗುವವರಿದ್ದರೆ ಅವರಿಗೆ ‘ಇಂದಿನಿಂದಲೇ ಬಿಡು’ ಎಂದು ಆಣೆ ಹಾಕಿಸಬೇಡಿ, ಆಸ್ಪತ್ರೆಯ ನೆರವಿನಿಂದಲೇ ಬಿಡಿಸಬೇಕು. ಸೈಟಿನಲ್ಲೇ ಮೂರ್ನಾಲ್ಕು ಹಿರಿಯ ಕೆಲಸಗಾರರಿಗೆ, ಯಾರು ಮಂಕಾಗಿದ್ದಾರೆಂದು ಗುರುತಿಸಿ ಸರಿಯಾದ ಕಡೆ ಮುಟ್ಟಿಸುವ ತರಬೇತಿ ಕೊಡುವುದು ಒಳ್ಳೆಯ ದಾರಿ. ಆಸ್ಟ್ರೇಲಿಯಾದ ಕಟ್ಟಡ ಉದ್ಯಮದಲ್ಲಿ 2008ರಿಂದ ಇಂಥದೊಂದು ವ್ಯವಸ್ಥೆ ಬೆಳೆದಿದೆ. ನಮ್ಮಲ್ಲಿ ಪ್ರತಿ ಭಾಷೆಯವರಿಂದಲೂ ಒಬ್ಬರಿರುವುದು ಮುಖ್ಯ, ಹೆಂಗಸರಿಂದಲೂ ಒಬ್ಬರು.

ಯಾದಗಿರಿ, ರಾಯಚೂರಿನವರಿಗೆ ಒಂದು ಅನುಕೂಲವಿದೆ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡುವ ದೇಶದ ಮಾದರಿ ರೂಪುಗೊಂಡದ್ದೇ 1980ರ ದಶಕದಲ್ಲಿ, ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಕೆಲಸದಿಂದ. ಈಗ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಬೆಂಗಳೂರಿನಲ್ಲಿ ಶುರುವಾದ ಚಿಕಿತ್ಸೆಯನ್ನು ಅಲ್ಲಿ ಮುಂದುವರಿಸಬಹುದು.

ಈಗ ರೈಲು ಹತ್ತಿಸುವ ಮಾತು. ಊರಿಗೆ ಹೋಗುವುದು ಆತನಿಗೆ ಒಳ್ಳೆಯದಾಗಬಹುದು, ನಾನು ಅದರ ವಿರೋಧಿಯಲ್ಲ. 2020ರ ಮೇ ತಿಂಗಳ ಕೊರೊನಾ ಲಾಕ್‌ಡೌನ್‌ನಲ್ಲಿ ನಮ್ಮ ರಾಜ್ಯದಿಂದ ಹೊರಡಬೇಕಿದ್ದ ವಿಶೇಷ ರೈಲುಗಳ ಕೋರಿಕೆಯನ್ನು ಸರ್ಕಾರ ಕೆಲವು ದಿನ ಹಿಂಪಡೆದಾಗ, ಊರಿಗೆ ಹೋಗಲಾಗದು ಎಂಬ ಒಂದೇ ಸಂಗತಿ ಎಷ್ಟು ಜನರನ್ನು ಕಂಗೆಡಿಸಿತೆಂದು ಕಣ್ಣಾರೆ ಕಂಡಿದ್ದೇನೆ. ಆದರೆ ಆತ ಹೋಗಬಯಸುತ್ತಾನೆಯೇ ಎಂದು ಮೊದಲು ಆತನನ್ನೇ ಕೇಳಿ. ಸಾಲದವರು ಕಾದಿರುವ ಊರಿಗೆ ಬರಿಗೈಯಲ್ಲಿ ಹೋಗುವುದು ಕೆಲವರಿಗೆ ಇಲ್ಲಿರುವುದಕ್ಕಿಂತ ಕಷ್ಟ. ಮಾಲ್ಡಾಕ್ಕೆ ರೈಲಿನಲ್ಲಿ ಸುಮಾರು ಎರಡು ರಾತ್ರಿಯ ದಾರಿ. ಕಾಯ್ದಿರಿಸದ ಬೋಗಿಯಲ್ಲಿ ನಿದ್ದೆಯಿಲ್ಲದೆ, ಶೌಚಕ್ಕೆ ಏಳಲಾಗದೆಂದು ನೀರೂ ಕುಡಿಯದೆ ಹೋಗುವವರ ದೇಹದಲ್ಲಿ, ದಿನಾ ಕುಡಿಯುತ್ತಿದ್ದ ಮದ್ಯವೋ ನುಂಗುತ್ತಿದ್ದ ಮಾತ್ರೆಯೋ ಅಂದೇ ನಿಂತಿರುತ್ತದೆ. ಮದ್ಯ ನಿಂತ ಆರರಿಂದ ನಲವತ್ತೆಂಟು ಗಂಟೆಗಳಲ್ಲಿ ಫಿಟ್ಸ್, ಎರಡು ಮೂರು ದಿನಗಳಲ್ಲಿ ಇಲ್ಲದ್ದು ಕಾಣುವ ಭ್ರಮೆ ಬರಬಹುದು; ಅದು ಸರಿಯಾಗಿ ಆ ಪ್ರಯಾಣದ ಅವಧಿಯೇ. ಯಾರೋ ಹೊಡೆಯಲು ಬರುತ್ತಿದ್ದಾರೆಂದು ಹೆದರಿ ನಡುವಿನ ಯಾವುದೋ ನಿಲ್ದಾಣದಲ್ಲಿ ಇಳಿದು ಕಳೆದುಹೋದವರನ್ನು ನಾವು ವಾರ್ಡುಗಳಲ್ಲಿ ನೋಡುತ್ತೇವೆ. ಅವರಲ್ಲಿ ಕೆಲವರಿಗೆ ತಮ್ಮ ಊರಿನ ಹೆಸರು ಹೇಳಲು ವಾರಗಳೇ ಹಿಡಿಯುತ್ತವೆ.

ಆದ್ದರಿಂದ ಈ ವಾರ ರೈಲು ಬೇಡ. ಮೊದಲು ವೈದ್ಯರು ನೋಡಲಿ, ಎರಡು ಮೂರು ವಾರ ಯಾರ್ಡಿನಲ್ಲಿ ಕೆಲಸ ಮಾಡಲಿ, ನಿದ್ದೆ ಒಂದು ಹದಕ್ಕೆ ಬರಲಿ. ಆಮೇಲೂ ಹೋಗಬೇಕೆಂದರೆ ಪೂರ್ತಿ ಹಿಸಾಬ್ ನಿಮ್ಮೆದುರಿಗೇ ಆಗಿ, ಹಣ ಖಾತೆಗೆ ಬೀಳಲಿ, ಕೈಯಲ್ಲಿ ಕಟ್ಟು ಕಟ್ಟಾಗಿ ಬೇಡ. ಕಾಯ್ದಿರಿಸಿದ ಬರ್ತ್ ಇರಲಿ, ಅದೇ ಊರಿನ ಒಬ್ಬರು ಜೊತೆಗಿರಲಿ. ಮಾಲ್ಡಾದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಇಲ್ಲಿನ ವೈದ್ಯರಿಂದ ರೋಗದ ವಿವರ ಮತ್ತು ಮಾತ್ರೆಗಳ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ಬರೆಸಿ, ಅದರ ಫೋಟೊವನ್ನು ಆತನ ಮನೆಯವರ ಮೊಬೈಲಿಗೂ ಕಳಿಸಿ. ಆತನ ಕಾಯಿಲೆಯ ವಿವರ ಸೈಟಿನಲ್ಲಿ ನಿಮ್ಮನ್ನೂ ಆತ ಆರಿಸಿದ ಗೆಳೆಯನನ್ನೂ ದಾಟಿ ಹೋಗಬಾರದು. ಠೇಕೇದಾರರಿಗೆ ‘ವೈದ್ಯರು ಎತ್ತರದ ಕೆಲಸ ಬೇಡ ಎಂದಿದ್ದಾರೆ’ ಎಂಬಷ್ಟು ಸಾಕು. ಮನೆ ತಲುಪಿದ ದಿನ ಒಂದು ಕರೆ ಮಾಡಲು ಹೇಳಿ ಕಳಿಸಿ. ಸಂಜೆಯವರೆಗೂ ಬಾರದಿದ್ದರೆ ನೀವೇ ಮಾಡಿ.